ಹಿಂಬಾಗಿಲಿಗೆ ಬಂದ ಊಟ

ವೀಡಾ ಪ್ರೂಯಿಟ್ ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಬೆಥೆಲ್ ಚರ್ಚಿನ ಅಡುಗೆಮನೆಯಲ್ಲಿ ನಿಂತು ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದಾಗ, ಅರ್ಧ ಆಯುಷ್ಯದಿಂದಲೂ ತಾನು ಊರಿನ ಕಣ್ಣಲ್ಲಿ ಕಾಲು ಜಾರಿದ ಹೆಣ್ಣು ಎಂಬ ಸಂಗತಿಯನ್ನು ತಿಳಿದುಕೊಂಡಳು. ಯಾರೂ ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ. ಟಾಲಿವರ್ ಊರಿನ ಜನ ಹಾಗೆಲ್ಲ ಹೇಳುವವರಲ್ಲ. ಅವಳೇ ಬಾಯಿಬಿಟ್ಟು ಸಿಕ್ಕಿಹಾಕಿಕೊಂಡಳು.

ಅವತ್ತು ರಾಯ್ಸ್ ಪರ್ವಿಸ್ ಎಂಬ ಮುದುಕನ ಮಣ್ಣು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ಅಡುಗೆ ಚರ್ಚಿನ ಹೆಂಗಸರೇ ಮಾಡಿ ಒಯ್ಯಬೇಕು. ಅಡುಗೆಮನೆಯ ಯಜಮಾನಿಕೆ ಜೆನೀವಾ ಟೂಟನ್‌ಳದು. ಎಂಬತ್ತರ ಹತ್ತಿರ ಬಂದಿದ್ದರೂ ಪಾತ್ರೆ ಎತ್ತುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹೊಸ ಪಾದ್ರಿಯ ಹೆಂಡತಿ ಕೆಲ್ಸೀ, ದೊಡ್ಡ ಊರಿನಿಂದ ಬಂದ ಹುಡುಗಿ, ಕೋಳಿ ಪೈಗಳ ಮೇಲೆ ಹಾಳೆ ಮುಚ್ಚುತ್ತಾ ಕೇಳಿದಳು:

"ಪರ್ವಿಸ್ ಅಜ್ಜನ್ನ ನೋಡ್ಕೋತಿದ್ದ ನರ್ಸಮ್ಮನಿಗೂ ಒಂದು ಪೈ ಕಳಿಸೋಣ್ವಾ? ಪಾಪ, ಅವಳೂ ತುಂಬಾ ಅಳ್ತಿದ್ಲು."

"ಇಲ್ಲಮ್ಮ," ಎಂದಳು ಜೆನೀವಾ. "ಸಾವಿನ ಊಟ ಹೋಗೋದು ಹೆಂಡತಿ ಮಕ್ಕಳ ಮನೆಗೆ ಮಾತ್ರ. ಕೆಲಸದೋರಿಗೆ ಕಳಿಸೋ ಪದ್ಧತಿ ಇಲ್ಲ."

"ಯಾಕಿಲ್ಲ?" ಎಂದಳು ವೀಡಾ, ಮೊಟ್ಟೆಯಿಂದ ಕಣ್ಣೆತ್ತದೆ. "ವಕೀಲ ಸ್ಪೈವಿ ಸಾಹೇಬರು ತೀರಿಹೋದಾಗ ನನಗೂ ತಂದುಕೊಟ್ಟಿದ್ರಲ್ಲ. ಜೆನೀವಾ, ನಿಮ್ಮಮ್ಮನೇ ಪೈ ತಂದಿದ್ರು. ಹ್ಯಾಮ್ ಬಂತು, ಬೆಣ್ಣೆ ಅವರೆ ಬಂತು, ಪೌಂಡ್ ಕೇಕ್ ಅಂತೂ ಮೂರು ಬಂತು. ನಾನೂ ಬರೀ ಕೆಲಸದವಳೇ ಅಲ್ವಾ? ಒಳ್ಳೇ ಪದ್ಧತಿ ಅದು, ಬಿಡಬೇಡಿ."

ಅಡುಗೆಮನೆಯಲ್ಲಿದ್ದ ಅಷ್ಟೂ ಹೆಂಗಸರ ಕೈ ನಿಂತಿತು. ಒಬ್ಬಳು ನಲ್ಲಿ ನಿಲ್ಲಿಸಿದಳು, ಇನ್ನೊಬ್ಬಳು ಮತ್ತೆ ತಿರುಗಿಸಿದಳು.

"ಅದು ಬೇರೆ, ಮಿಸ್ ವೀಡಾ," ಎಂದಳು ಜೆನೀವಾ, ಮಗುವಿಗೆ ಹೇಳುವ ಹಾಗೆ ಮೆತ್ತಗೆ.

"ಏನು ಬೇರೆ?"

"ಮಿಸೆಸ್ ಸ್ಪೈವಿ ಮನೆಗೆ ಮುಂಬಾಗಿಲಿಂದ ಕೊಟ್ವಿ. ನಿಮ್ಮನೆಗೆ ಹಿಂಬಾಗಿಲಿಂದ ತಂದ್ವಿ. ನಿಮಗೂ ದುಃಖ ಇತ್ತು ಅಂತ ನಮಗೆ ಗೊತ್ತಿರಲಿಲ್ವಾ? ನೀವೂ ತಗೊಂಡ್ರಿ, ಪಾತ್ರೆ ತೊಳೆದು ವಾಪಸ್ ಕೊಟ್ರಿ. ಅಲ್ಲಿಗೆ ಮುಗೀತು. ಆಮೇಲೆ ಒಬ್ಬರಾದ್ರೂ ಎತ್ತಿ ಆಡಿದ್ವಾ? ದೇವರ ಮುಂದೆ ಎಲ್ಲಾ ತೊಳೆದು ಹೋಗಿದೆ."

"ಏನು ತೊಳೆದು ಹೋಗಿದೆ?"

ಜೆನೀವಾ ಹ್ಯಾಮ್ ಕತ್ತರಿಸಲು ತಿರುಗಿದಳು. ಕೆಲ್ಸೀಯ ಮುಖ ಕಿವಿವರೆಗೂ ಕೆಂಪಾಗಿತ್ತು. ಆ ಕೆಂಪು ನೋಡಿದ ಮೇಲೆ ವೀಡಾಳಿಗೆ ಅರ್ಥವಾಯಿತು. ಕೈಯಲ್ಲಿದ್ದ ಮೊಟ್ಟೆಯನ್ನು ಬಟ್ಟಲಿಗೆ ಹಾಕಿದಳು, ಕೈ ತೊಳೆದಳು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಯಾರ ಮೇಲೆ ಇಂಥ ಮಾತು ಹೊರಿಸಿದರು ನೋಡಿ. ವೀಡಾ ಹುಟ್ಟಿದ್ದು ಹತ್ತಿ ಗಿರಣಿಯ ಸಾಲುಮನೆಯಲ್ಲಿ. ಅಪ್ಪ ಗಿರಣಿಯ ಧೂಳು ಕುಡಿದು ಬೇಗ ಹೋದ. ಅಮ್ಮ ಹಾಸಿಗೆ ಹಿಡಿದು ನಿಧಾನಕ್ಕೆ ಹೋದಳು. ಆ ನಿಧಾನದಲ್ಲಿ ವೀಡಾಳ ಪ್ರಾಯವೆಲ್ಲ ಕರಗಿತು. ಟೈಪಿಂಗು, ಶೀಘ್ರಲಿಪಿ ಕಲಿತು ಇನ್ನೂ ಹುಡುಗಿಯಾಗಿರುವಾಗಲೇ ವಕೀಲ ಹಾರ್ಲನ್ ಸ್ಪೈವಿಯವರ ಕಚೇರಿ ಸೇರಿದಳು. ಇಬ್ಬರು ಮದುವೆಗೆ ಕೇಳಿದ್ದುಂಟು. ಒಬ್ಬ ಬೇರೆ ಪಂಥದವನು, ಮೆಥಡಿಸ್ಟನಾಗಿದ್ದ, ಅಮ್ಮ ಒಪ್ಪಲಿಲ್ಲ. ಇನ್ನೊಬ್ಬ ದೂರದ ಜ್ಯಾಕ್ಸನ್‌ವಿಲ್‌ಗೆ ಕರೆದ, ಅಮ್ಮನನ್ನು ಬಿಟ್ಟು ಹೋಗುವಂತಿರಲಿಲ್ಲ. ಮೂರನೆಯವನು ಬರಲಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳ ತರಗತಿ, ಆಮೇಲೆ ಹಾಡಿನ ಮೇಳ, ಸಂಜೆ ಮತ್ತೆ ಪ್ರಾರ್ಥನೆ, ಬುಧವಾರ ಇನ್ನೊಮ್ಮೆ. ಊರಿನ ಮುಕ್ಕಾಲು ಪಾಲು ಜನ ಚಿಕ್ಕವರಿದ್ದಾಗ ನೋಹನ ದೋಣಿಯ ಚಿತ್ರಕ್ಕೆ ಬಣ್ಣ ತುಂಬಿದ್ದು ಅವಳ ಮೇಜಿನ ಸುತ್ತಲೇ. ಸ್ಪೈವಿಯವರು ತೀರಿಕೊಂಡ ಮೇಲೆ ಚರ್ಚಿನ ಕಚೇರಿಯಲ್ಲೇ ಸೆಕ್ರೆಟರಿಯಾದಳು. ಎಪ್ಪತ್ತು ದಾಟುವ ತನಕ ಪ್ರತಿ ವಾರ ಯಾರಿಗೆ ಕಾಯಿಲೆ, ಯಾರಿಗೆ ಮಗು, ಯಾರಿಗೆ ಪ್ರಾರ್ಥನೆ ಬೇಕು ಎಂದು ಟೈಪು ಮಾಡಿ ಹಂಚಿದಳು. ಸೆಕ್ರೆಟರಿ ಎಂದರೆ ಅವಳ ಲೆಕ್ಕದಲ್ಲಿ ಇಷ್ಟು: ಇನ್ನೊಬ್ಬರ ಮಾತನ್ನು ತನ್ನದೇನೂ ಬೆರೆಸದೆ ಕಾಗದಕ್ಕೆ ಇಳಿಸುವುದು, ಕಾಗದಕ್ಕೆ ಇಳಿಸಬಾರದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು.

ಅವಳನ್ನು ಮನೆಗೆ ಕರೆದೊಯ್ಯಲು ತಮ್ಮನ ಮಗಳು ಟ್ವೈಲಾ ಕಾರು ತಂದಳು. ಅರವತ್ತು ದಾಟಿದ ದಪ್ಪ ಹೆಂಗಸು, ಇಬ್ಬರು ಗಂಡಂದಿರನ್ನು ಬಿಟ್ಟವಳು, ನಗು ಜಾಸ್ತಿ.

"ಟ್ವೈಲಾ, ನನಗೂ ಸ್ಪೈವಿ ಸಾಹೇಬರಿಗೂ ಏನೋ ಇತ್ತು ಅಂತ ಊರಲ್ಲಿ ಮಾತಿತ್ತಾ?"

ಹಸಿರು ದೀಪವಿದ್ದರೂ ಟ್ವೈಲಾ ಬ್ರೇಕ್ ಹಾಕಿದಳು. "ಈಗ್ಯಾಕತ್ತೆ ಅದೆಲ್ಲ?"

"ಇತ್ತೋ ಇಲ್ವೋ ಹೇಳೇ."

"ಮಾತು ಅಂತ ಅಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ."

"ಇಲ್ಲದೇ ಇರೋದು ಹೇಗೇ ಗೊತ್ತಾಗುತ್ತೆ?"

"ಇರಲಿಲ್ವಾ?" ಎಂದಳು ಟ್ವೈಲಾ. ಅವಳ ದನಿಯಲ್ಲಿದ್ದದ್ದು ನಿರಾಸೆ! ಹಿಂದಿನ ಕಾರಿನವನು ಹಾರ್ನ್ ಒತ್ತಿದ ಮೇಲೆ ಮುಂದಕ್ಕೆ ಹೋದಳು. "ಅತ್ತೆ, ನಾನಂತೂ ಯಾವಾಗ್ಲೂ ನಿಮ್ಮ ಪರ. ನನಗೆ ಸಿಕ್ಕವರಿಬ್ಬರೂ ಲೋಫರ್‌ಗಳು. ನಮ್ಮತ್ತೆಯಾದ್ರೂ ಒಬ್ಬರನ್ನ ಮನಸಾರೆ ಪ್ರೀತಿಸಿದ್ಲಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ."

"ನಿಮ್ಮಪ್ಪನಿಗೂ ಗೊತ್ತಿತ್ತಾ, ಈ ಗೊತ್ತಿದ್ದದ್ದು?"

"ಅಪ್ಪನೇ ಹೇಳಿದ್ದು. ಅತ್ತೆ ಹತ್ರ ಆ ವಿಷಯ ಎತ್ತಬೇಡ, ಅವಳ ಮನಸ್ಸು ಒಡೆದಿದೆ ಅಂತ."

"ಮೆಥಡಿಸ್ಟರಿಗೂ?"

"ಅತ್ತೆ, ಮೆಥಡಿಸ್ಟರಿಗೆ ನಮಗಿಂತ ಮುಂಚೇನೇ ಗೊತ್ತಿತ್ತು."

ವೀಡಾ ಕಿಟಕಿಯ ಕಡೆ ತಿರುಗಿದಳು. ಕೇಳಬೇಕಾದದ್ದು ಇನ್ನೊಂದಿತ್ತು. "ಮಿಸೆಸ್ ಸ್ಪೈವಿಗೆ?"

"ಅವರಿಗೆ ಗೊತ್ತಿಲ್ದೆ ಇರುತ್ತಾ? ಅದಕ್ಕೇ ಅಲ್ವಾ ಊರೆಲ್ಲ ಅವರನ್ನ ಪುಣ್ಯಾತ್ಗಿತ್ತಿ ಅನ್ನೋದು? ಬಂದು ನಿಮ್ಮ ಪಕ್ಕದಲ್ಲೇ ಕೂತ್ರಲ್ಲ."

ಬಂದು ಪಕ್ಕದಲ್ಲಿ ಕೂತಿದ್ದು ನಿಜ. ಸ್ಪೈವಿಯವರ ಮಣ್ಣಾದ ಮೇಲೆ ವೀಡಾಳಿಗೆ ಮೇಳದಲ್ಲಿ ನಿಂತು ಹಾಡುವ ಮನಸ್ಸಾಗದೆ, ಹಿಂದಿನ ಒಂದು ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಮಾರೀನ್ ಸ್ಪೈವಿ ಕಪ್ಪು ಹ್ಯಾಟು ತೊಟ್ಟು ಬಾಗಿಲಲ್ಲಿ ಬಂದವರು ಮುಂದಿನ ತಮ್ಮ ಬೆಂಚಿಗೆ ಹೋಗದೆ ತಿರುಗಿ ವೀಡಾಳ ಪಕ್ಕ ಕೂತರು. ಇಡೀ ಚರ್ಚು ಉಸಿರು ಹಿಡಿದಿತ್ತು. ಪಾಪ, ಮನೆ ಖಾಲಿ, ಬೆಂಚು ಖಾಲಿ, ಒಬ್ಬರೇ ಕೂರಲಾರದೆ ಬಂದಿದ್ದಾರೆ ಎಂದುಕೊಂಡು ವೀಡಾ ಹಾಡಿನ ಪುಸ್ತಕದ ಒಂದು ಅಂಚನ್ನು ಅವರ ಕಡೆಗೆ ಚಾಚಿದಳು. ಅಲ್ಲಿಂದ ನಲವತ್ತು ಚಿಲ್ಲರೆ ವರ್ಷ ಇಬ್ಬರೂ ಒಂದೇ ಪುಸ್ತಕ ಹಿಡಿದು ಹಾಡಿದರು. ಹೊಸ ಹೊಸ ಪಾದ್ರಿಗಳು ಬಂದು ಹೋದರು, ಕ್ಷಮೆಯ ವಿಷಯ ಬಂದಾಗಲೆಲ್ಲ ಪ್ರತಿಯೊಬ್ಬನೂ ಒಂದು ಮಾತು ಹೇಳುತ್ತಿದ್ದ: "ಹೆಸರು ಹೇಳೋದಿಲ್ಲ, ಆದರೆ ಇದೇ ಸಭೆಯಲ್ಲಿ ಒಬ್ಬ ಸೋದರಿ ಇದ್ದಾರೆ, ತನಗೆ ಎಲ್ಲರಿಗಿಂತ ದೊಡ್ಡ ದ್ರೋಹ ಮಾಡಿದವಳ ಪಕ್ಕ ಪ್ರತಿ ಭಾನುವಾರ ಕೂರ್ತಾರೆ." ಯಾರಪ್ಪಾ ಅದು ಎಂದು ವೀಡಾ ಎಷ್ಟೋ ಸಲ ಕತ್ತು ನೀಳ ಮಾಡಿ ಮುಂದಿನ ಸಾಲುಗಳನ್ನು ಹುಡುಕಿದ್ದಾಳೆ. ಆ ದ್ರೋಹಿಯ ಸಲುವಾಗಿ ಪ್ರಾರ್ಥನೆ ಕೂಡ ಮಾಡಿದ್ದಾಳೆ. ಅದು ನೆನಪಾಗಿ ಕಾರಿನ ಕಿಟಕಿ ಇಳಿಸಿದಳು.

ಊರು ಕಂಡದ್ದೇನೂ ಸುಳ್ಳಲ್ಲ. ಆಗ ಗುರುವಾರ ಸಂಜೆ ವಕೀಲರ ಕಚೇರಿಯ ಬಾಗಿಲಿಗೆ ಚಿಲಕ ಬೀಳುತ್ತಿತ್ತು, ಕಿಟಕಿಯ ಪರದೆ ಇಳಿಯುತ್ತಿತ್ತು. ಪಕ್ಕದ ಕೌಂಟಿಯ ಕೋರ್ಟಿಗೆ ಹೋಗುವಾಗ ಸ್ಪೈವಿಯವರ ಕಾರನ್ನು ವೀಡಾ ನಡೆಸುತ್ತಿದ್ದಳು, ಅವರು ಪಕ್ಕದಲ್ಲಿ ಕೂರುತ್ತಿದ್ದರು. ಆದರೆ ಬಾಗಿಲ ಹಿಂದೆ ಇದ್ದದ್ದೇ ಬೇರೆ. ಸ್ಪೈವಿಯವರ ಕಣ್ಣು ಹೋಗುತ್ತಿತ್ತು. ಪೂರ್ತಿ ಕತ್ತಲಲ್ಲ. ಅಂಚಿನಲ್ಲಿ ಬೆಳಕಿತ್ತು, ನಡುವೆ ಮಂಜು. ದಾರಿ ಕಾಣುತ್ತಿತ್ತು, ಕುರ್ಚಿ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ಅಟ್ಲಾಂಟಾದ ವೈದ್ಯರು ಮದ್ದಿಲ್ಲ ಎಂದು ಕೈ ಚೆಲ್ಲಿದ್ದರು. ಅದಕ್ಕೇ ಗುರುವಾರ ಸಂಜೆ ವಾರದ ಕಾಗದಗಳನ್ನೆಲ್ಲ ವೀಡಾ ಓದಿ ಹೇಳುತ್ತಿದ್ದಳು. ಅದು ಮುಗಿದ ಮೇಲೆ ಭಾನುವಾರ ಅವರು ಗಂಡಸರ ತರಗತಿಯಲ್ಲಿ ಬೋಧಿಸಬೇಕಾದ ಬೈಬಲಿನ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತಿದ್ದಳು, ಅವರು ಬಾಯಿಪಾಠ ಮಾಡುತ್ತಿದ್ದರು. ಸ್ಪೈವಿಯವರು ಪುಸ್ತಕ ನೋಡದೆಯೇ ದೇವರ ವಾಕ್ಯ ಹೇಳುತ್ತಾರೆ ಎಂದು ಊರು ಬೆರಗಾಗುತ್ತಿತ್ತು.

"ಮಿಸ್ ಪ್ರೂಯಿಟ್, ಇದು ಈ ಕೋಣೆ ಬಿಟ್ಟು ಆಚೆ ಹೋಗಕೂಡದು," ಎಂದಿದ್ದರು ಅವರು ಮೊದಲ ದಿನ. "ನನ್ನ ಹೆಂಡತಿಗಂತೂ ಗೊತ್ತಾಗಲೇಕೂಡದು. ಅವಳು ಗಂಡಸನ್ನ ಮದುವೆಯಾದವಳು. ತೋಳು ಹಿಡಿದು ನಡೆಸಬೇಕಾದ ಕುರುಡನ್ನಲ್ಲ."

ವೀಡಾ ಮಾತು ಕೊಟ್ಟಳು. ಮೂರು ವರ್ಷ ನಡೆಯಿತು. ಒಂದು ಗುರುವಾರ ಅವಳು ಓದುತ್ತಿದ್ದ ಹಾಗೆಯೇ ಸ್ಪೈವಿಯವರು ಮೇಜಿನ ಮೇಲೆ ತಲೆ ಇಟ್ಟರು, ಎತ್ತಲಿಲ್ಲ. ಅವಳೇ ವೈದ್ಯರಿಗೆ ಫೋನ್ ಮಾಡಿದಳು, ಅವಳೇ ಮಾರೀನ್‌ಗೂ ಮಾಡಿದಳು. ಚಿಲಕ ತೆಗೆದದ್ದು ಅವರೆಲ್ಲ ಬಂದ ಮೇಲೆ.

ಪರ್ವಿಸ್ ಮಣ್ಣಾದ ಮಾರನೆಯ ದಿನ ಬೆಳಿಗ್ಗೆ ವೀಡಾ ಒಳ್ಳೆಯ ಉಡುಪು ತೊಟ್ಟು, ಲಿಪ್‌ಸ್ಟಿಕ್ ಹಚ್ಚಿ, ಟ್ವೈಲಾಳನ್ನು ಕರೆಸಿದಳು. ಊರು ಏನಾದರೂ ಅಂದುಕೊಳ್ಳಲಿ, ಮಾರೀನ್ ಹಾಗಂದುಕೊಂಡು ಸಾಯಬಾರದು. ಅದೊಂದೇ ಈಗ ಅವಳಿಗೆ ಬೇಕಾದದ್ದು. ಹಾಗೆಂದು ಕಣ್ಣಿನ ವಿಷಯ ಎತ್ತುವುದಿಲ್ಲ ಎಂದೂ ದಾರಿಯಲ್ಲಿ ಗಟ್ಟಿ ಮಾಡಿಕೊಂಡಳು. ನಮ್ಮ ನಡುವೆ ಏನೂ ಇರಲಿಲ್ಲ ಎಂದರೆ ಸಾಕು. ಒಂದು ಆಯುಷ್ಯದಲ್ಲಿ ಒಂದೂ ಸುಳ್ಳು ಹೇಳದವಳ ಮಾತನ್ನು ನಂಬದೆ ಏನು ಮಾಡುತ್ತಾರೆ?

ಮಾರೀನ್ ಎರಡು ವರ್ಷದಿಂದ ವೃದ್ಧರ ಆರೈಕೆ ಮನೆಯಲ್ಲಿದ್ದರು. ಕಾಲು ಬಿದ್ದುಹೋಗಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂದಲು ಸುರುಳಿ ಮಾಡಿಸಿಕೊಂಡು, ಮುತ್ತಿನ ಓಲೆ ತೊಟ್ಟು ಕೂತಿದ್ದರು.

"ಬಂದ್ಯಾ? ಜೆನೀವಾ ನಿನ್ನೇನೇ ಫೋನ್ ಮಾಡಿದ್ಲು," ಎಂದರು. "ಕೂತ್ಕೋ. ಎಷ್ಟು ವರ್ಷದಿಂದ ಕಾಯ್ತಿದೀನಿ, ನೀನಾಗಿ ಬಂದು ಬಾಯ್ಬಿಡ್ತೀಯಾ ಅಂತ."

"ನೀವಂದುಕೊಂಡದ್ದನ್ನ ಹೇಳೋಕೆ ಬಂದಿಲ್ಲ ಮಿಸೆಸ್ ಸ್ಪೈವಿ."

"ಮೊದಲು ನನ್ನದು ಕೇಳು. ಹಾರ್ಲನ್ ಗೋರಿ ಪಕ್ಕದ ಜಾಗ ನಿನಗೇ ಬಿಟ್ಟಿದೀನಿ. ನಾನು ವೇಕ್ರಾಸ್‌ನಲ್ಲಿ ನಮ್ಮಪ್ಪ ಅಮ್ಮನ ಹತ್ರ ಮಲಗ್ತೀನಿ. ಮಣ್ಣು ಮಾಡೋರಿಗೆ ಹೇಳಿ ಆಗಿದೆ. ನಿನಗೆ ಆಮೇಲೆ ಗೊತ್ತಾಗಲಿ ಅಂತಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕಣೇ. ಇತ್ತು, ದೇವರು ತೆಗೆದ. ಅವನ ಮೇಲಿನ ಸಿಟ್ಟನ್ನ ಮಾತ್ರ ಇನ್ನೂ ತೆಗೆದಿಲ್ಲ."

ವೀಡಾ ಕೂರಲಿಲ್ಲ. ಹೆಸರು ಕೆಟ್ಟದ್ದು ಒಂದು. ಇದು ಬೇರೆ. ಒಬ್ಬ ಹೆಂಡತಿ ಗಂಡನನ್ನು ಬಿಟ್ಟು ಬೇರೆ ಊರಿನ ಮಣ್ಣಿಗೆ ಹೋಗುತ್ತಿದ್ದಾಳೆ, ಒಬ್ಬ ಗಂಡಸಿನ ಪಕ್ಕ ಅವನ ಟೈಪಿಸ್ಟು ಮಲಗಬೇಕಂತೆ.

"ನಮ್ಮ ಮಧ್ಯೆ ಏನೂ ಇರಲಿಲ್ಲ," ಎಂದಳು. "ದೇವರಾಣೆ. ಒಂದು ದಿನ, ಒಂದು ಗಳಿಗೆ ಇರಲಿಲ್ಲ."

ಮಾರೀನ್ ಕನಿಕರದಿಂದ ನಕ್ಕರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಈ ವಯಸ್ಸಲ್ಲಿ ಸುಳ್ಳು ಬೇಡ ವೀಡಾ. ಊರು ಹೇಳಿದ್ದಕ್ಕೆ ನಾನು ನಂಬಿದೆ ಅಂದ್ಕೊಂಡ್ಯಾ? ಊರಿಗೇನು, ಯಾರಿಗೆ ಯಾರನ್ನ ಬೇಕಾದ್ರೂ ಗಂಟುಹಾಕುತ್ತೆ. ನನಗೆ ಮನೇಲೇ ಗೊತ್ತಾಯ್ತು. ಕೊನೆ ಮೂರು ವರ್ಷ ಅವನು ನನ್ನ ಮುಖ ನೋಡಲಿಲ್ಲ. ಎದುರಿಗೆ ಬಂದು ನಿಂತರೂ ನನ್ನ ಕಿವಿ ಪಕ್ಕ ಎಲ್ಲೋ ನೋಡ್ಕೊಂಡು ಮಾತಾಡೋನು. ಮೊದಲು ಕುಡಿತಾನೇನೋ ಅಂದ್ಕೊಂಡೆ, ಬಾಯಿ ಮೂಸಿ ನೋಡಿದೆ. ಆಮೇಲೆ ಅರ್ಥ ಆಯ್ತು. ಮನಸ್ಸಲ್ಲಿ ಕಳ್ಳತನ ಇರೋ ಗಂಡಸು ಹೆಂಡತಿ ಮುಖ ಹೇಗೆ ನೋಡ್ತಾನೆ?"

ಮಾತು ಕೊಟ್ಟದ್ದು, ಕೋಣೆ ಬಿಟ್ಟು ಆಚೆ ಹೋಗಕೂಡದು ಎಂದದ್ದು, ಎಲ್ಲವೂ ವೀಡಾಳ ನಾಲಿಗೆಯ ತುದಿಯಲ್ಲಿ ನಿಂತು ತಡೆದವು. ತಡೆದದ್ದು ಸಾಕಾಗಿತ್ತು.

"ಅವರಿಗೆ ಕಾಣ್ತಿರಲಿಲ್ಲ."

"ಏನು?"

"ನಿಮ್ಮ ಮುಖ. ಯಾರ ಮುಖವೂ. ನೇರ ನೋಡಿದ್ರೆ ಬರೀ ಮಂಜು, ಪಕ್ಕಕ್ಕೆ ನೋಡಿದ್ರೆ ಅಷ್ಟೋ ಇಷ್ಟೋ. ಕಿವಿ ಪಕ್ಕ ನೋಡ್ತಿದ್ದದ್ದು ನಿಮ್ಮನ್ನ ನೋಡೋಕೇ."

ಆಮೇಲೆ ಎಲ್ಲವನ್ನೂ ಹೇಳಿದಳು. ಅಟ್ಲಾಂಟಾ, ಗುರುವಾರ, ಪರದೆ, ಬಾಯಿಪಾಠ, ಕಾರು. ಡಿಕ್ಟೇಶನ್ ಓದಿ ಹೇಳುವವಳ ಹಾಗೆ ಏರಿಳಿತವಿಲ್ಲದೆ ಹೇಳಿದಳು, ಯಾಕೆಂದರೆ ಏರಿಳಿತಕ್ಕೆ ಹೋದರೆ ಅಳು ಬರುತ್ತಿತ್ತು. ಮಾರೀನ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಮಡಿಲಲ್ಲಿದ್ದ ಕೈಗಳು ಒಂದನ್ನೊಂದು ಹಿಂಡುತ್ತಿದ್ದವು.

"ಕಾಫಿ ಬಟ್ಟಲಿಗೆ ಹಾಕದೆ ಮೇಜಿನ ಮೇಲೆ ಹುಯ್ದಿದ್ದ," ಎಂದರು ಕಡೆಗೆ. "ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಒಂದು ಮಾತಾಡದೆ ಒರೆಸಿದ."

"ಅವರಿಗೆ ನಿಮ್ಮ ಕನಿಕರ ಬೇಡವಾಗಿತ್ತು."

"ನೀನು ಸುಮ್ನಿರು!" ಮಾರೀನ್ ಗಾಲಿಕುರ್ಚಿಯನ್ನು ಗಿರಕ್ಕನೆ ತಿರುಗಿಸಿದರು. ಮುಖ ನೋಡಿದರೆ ಹೆದರಿಕೆಯಾಗುವಂತಿತ್ತು. "ನೀನು ನನ್ನ ಪಕ್ಕ ಕೂತಿದ್ದೆ. ಒಂದೇ ಪುಸ್ತಕ ಹಿಡ್ಕೊಂಡು ಹಾಡ್ತಿದ್ದೆ. ಒಂದು ಭಾನುವಾರ, ಒಂದೇ ಒಂದು ಭಾನುವಾರ ನನ್ನ ಕಿವೀಲಿ ಹೇಳೋಕಾಗ್ಲಿಲ್ವಾ?"

"ಮಾತು ಕೊಟ್ಟಿದ್ದೆ."

"ಅವನು ಸತ್ತ ಮೇಲೂನಾ?"

"ಸತ್ತ ಮೇಲೆ ಆ ಮಾತು ಬಿಡಿಸೋರು ಯಾರು?"

"ನಾನು ಕಣೇ! ನಾನಿದ್ದೆ!" ಮಾರೀನ್ ಏದುಸಿರು ಬಿಟ್ಟರು. "ಗಂಡ ಸತ್ತಾಗ ನಾನು ಅಳಲಿಲ್ಲ, ಗೊತ್ತಾ ನಿನಗೆ? ಗೋರಿ ಮುಂದೆ ಕಲ್ಲಿನ ಹಾಗೆ ನಿಂತಿದ್ದೆ. ಊರು ಅದನ್ನ ಧೈರ್ಯ ಅಂತು. ಅವನ ಗೋರಿಗೆ ಒಂದು ಹೂವು ಇಟ್ಟಿಲ್ಲ ಇವತ್ತಿನವರೆಗೆ. ಮಾಡದ ಪಾಪವನ್ನ ಕ್ಷಮಿಸ್ಕೊಂಡು ಕೂತಿದ್ದೆ, ಪಾದ್ರಿಗಳು ನನ್ನ ಕತೆ ಹೇಳ್ಕೊಂಡು ತಿರುಗಿದ್ರು. ಆ ಪಾಪ ನಾನು ಕ್ಷಮಿಸಿದ್ದೆ ವೀಡಾ. ಇದನ್ನ ಹೇಗೆ ಕ್ಷಮಿಸಲಿ? ಮನೆಗೆ ಹೋಗು."

ವೀಡಾ ಮನೆಗೆ ಹೋದಳು. ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಟ್ವೈಲಾ ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡಿದಳು: ಊರಿಗೆಲ್ಲ ಹೇಳಬೇಕು, ಜೆನೀವಾಳ ಮುಖಕ್ಕೆ ಹೇಳಬೇಕು, ಪಾದ್ರಿ ವೇದಿಕೆ ಮೇಲೆ ನಿಂತು ಹೇಳಬೇಕು.

"ಯಾರಿಗೂ ಏನೂ ಹೇಳಕೂಡದು," ಎಂದಳು ವೀಡಾ.

"ಮತ್ತೆ ನಿಮ್ಮ ಹೆಸರು?"

"ನನ್ನ ಹೆಸರು ಅಷ್ಟು ವರ್ಷ ಊಟ ಮಾಡ್ಕೊಂಡು, ಹಾಡು ಹೇಳ್ಕೊಂಡು ಚೆನ್ನಾಗೇ ಇತ್ತು. ಅದು ಆ ಮನೆಯ ವಿಷಯ. ಹೇಳೋದಾದ್ರೆ ಅವರು ಹೇಳ್ಲಿ."

ಭಾನುವಾರ ಬೆಂಚಿನಲ್ಲಿ ಒಬ್ಬಳೇ ಕೂತಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಊರು ತನಗೆ ಮಾಡಿದ ಅನ್ಯಾಯ ಎಷ್ಟೋ, ಅದು ಇರಲಿ. ತಾನು ಮಾಡಿದ್ದೇನು? ಕೊಟ್ಟ ಮಾತನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ಎಷ್ಟು ಬೀಗಿದ್ದಳು! ಬೇರೆ ಯಾವುದರಲ್ಲೂ ಜಂಬ ಪಡದವಳು ಅದೊಂದರಲ್ಲಿ ಪಟ್ಟಿದ್ದಳು. ಆ ಜಂಬದ ಪಕ್ಕದಲ್ಲೇ ಒಬ್ಬ ಹೆಂಗಸು ಕೂತು, ತನ್ನನ್ನು ಗಂಡ ಬೇಡವೆಂದ ಎಂದುಕೊಂಡು, ಅದನ್ನು ನುಂಗಿಕೊಂಡು ಮುದುಕಿಯಾದಳು. ಒಂದು ಸಲವಾದರೂ ತಿರುಗಿ ಆ ಮುಖ ಓದಿದ್ದರೆ ತಿಳಿಯುತ್ತಿತ್ತು. ಎಲ್ಲರೂ ಎದ್ದು ಹಾಡುವಾಗ ವೀಡಾ ಏಳಲಿಲ್ಲ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅತ್ತದ್ದನ್ನು ಊರು ನೋಡದೆ ಬಿಡುತ್ತದೆಯೇ? ಸೋಮವಾರ ಮಧ್ಯಾಹ್ನ ಜೆನೀವಾ ಟೂಟನ್ ಪೌಂಡ್ ಕೇಕ್ ಹಿಡಿದು ಹಿಂಬಾಗಿಲು ತಟ್ಟಿದಳು.

"ಯಾರು ಸತ್ರು?" ಎಂದಳು ವೀಡಾ ಜಾಲರಿಯ ಒಳಗಿನಿಂದ.

"ಯಾರೂ ಇಲ್ಲ ಮಿಸ್ ವೀಡಾ. ನಿಮಗೆ ಬೇಜಾರಾಗಿದೆ ಅಂತ..."

"ಹಾಗಾದ್ರೆ ಮುಂದುಗಡೆಯಿಂದ ಬಾ."

ಎಂಬತ್ತರ ಹತ್ತಿರದ ಜೆನೀವಾ ಕೇಕು ಹೊತ್ತುಕೊಂಡು, ಗುಲಾಬಿ ಪೊದೆ ಸುತ್ತಿಕೊಂಡು ಮುಂಬಾಗಿಲಿಗೆ ಬರುವಷ್ಟರಲ್ಲಿ ಬೆವೆತು, ತೋಳಿನಲ್ಲೇ ಮುಖ ಒರೆಸಿಕೊಂಡಳು. ವೀಡಾ ಬಾಗಿಲು ಪೂರ್ತಿ ತೆರೆದು ಅವಳನ್ನು ಒಳಗೆ ಕೂರಿಸಿ ತಣ್ಣನೆಯ ಚಹಾ ಕೊಟ್ಟಳು. ಇಬ್ಬರೂ ಕೇಕು ತಿಂದು ಮಳೆಯ ವಿಷಯ ಮಾತಾಡಿದರು. ಹೋಗುವಾಗಲೂ ಜೆನೀವಾ ಮುಂಬಾಗಿಲಿಂದಲೇ ಹೋದಳು.

ಆ ವಾರವೆಲ್ಲ ಫೋನ್ ರಿಂಗಾದಾಗಲೆಲ್ಲ ವೀಡಾ ಓಡಿದಳು, ಅಂದರೆ ಆ ವಯಸ್ಸಿನಲ್ಲಿ ಓಡುವಷ್ಟು. ಕ್ಷಮೆ ಸಿಗುತ್ತದೆ ಎಂಬ ಆಸೆ ಇರಲಿಲ್ಲ. ಮಾರೀನ್ ತನ್ನನ್ನು ಬೈಯಲಾದರೂ ಕರೆಯಲಿ, ಹೀಗೇ ಮುಗಿದುಹೋಗದಿರಲಿ ಎಂದು ಅಷ್ಟೇ. ಶುಕ್ರವಾರ ಆರೈಕೆ ಮನೆಯ ಹುಡುಗಿ ಫೋನ್ ಮಾಡಿ, "ಮಿಸೆಸ್ ಸ್ಪೈವಿ ನೀವು ಬರ್ಬೇಕು ಅಂತಿದಾರೆ. ಬೇಗ ಬರ್ಬೇಕಂತೆ," ಎಂದಳು.

ಮಾರೀನ್ ಹಾಸಿಗೆಯಲ್ಲಿದ್ದರು. ಓಲೆ ಇರಲಿಲ್ಲ. ಒಂದು ವಾರದಲ್ಲಿ ಇನ್ನಷ್ಟು ಕುಗ್ಗಿಹೋಗಿದ್ದರು.

"ನಾನು ನಿನ್ನ ಕ್ಷಮಿಸಿಲ್ಲ, ತಿಳ್ಕೋ," ಎಂದರು.

"ತಿಳ್ಕೊಂಡೆ."

"ಮಣ್ಣು ಮಾಡೋ ಹುಡುಗನಿಗೆ ಫೋನ್ ಮಾಡ್ದೆ. ಮತ್ತೆ ಬದಲಾಯಿಸ್ತೀರಾ ಅಜ್ಜಿ ಅಂದ. ನನ್ನ ಗಂಡ, ನನ್ನ ಜಾಗ, ನಿಂದೇನೋ ಕೇಳೋದು ಅಂದೆ."

"ಒಳ್ಳೇದು ಮಾಡಿದ್ರಿ."

"ನೀನೆಲ್ಲಿ ಮಲಗ್ತೀಯಾ?"

"ಅಮ್ಮನ ಪಕ್ಕ. ಇನ್ನೆಲ್ಲಿ? ಅಲ್ಲೂ ಔಷಧಿ ಕೊಡೋಕೆ ಯಾರಾದ್ರೂ ಬೇಕಲ್ಲ."

ಮಾರೀನ್ ನಗಲಿಲ್ಲ, ಆದರೆ ತುಟಿ ಸ್ವಲ್ಪ ಸಡಿಲವಾಯಿತು. ಗೋಡೆಯ ಕಡೆ ನೋಡುತ್ತಾ ಕೇಳಿದರು: "ಆ ಮೂರು ವರ್ಷದಲ್ಲಿ ಅವನು ನನ್ನ ಮಾತು ಎತ್ತಿದ್ದುಂಟಾ? ಇಲ್ಲದಿದ್ರೆ ಇಲ್ಲ ಅನ್ನು. ಸಮಾಧಾನಕ್ಕೆ ಏನೂ ಹೇಳಬೇಡ."

"ಪ್ರತಿ ಸೋಮವಾರ," ಎಂದಳು ವೀಡಾ.

"ಏನಂತ?"

"ಸೋಮವಾರ ಬೆಳಿಗ್ಗೆ ಬಂದ ತಕ್ಷಣ, ಹ್ಯಾಟು ತೆಗೆಯೋಕೆ ಮುಂಚೆ ಕೇಳೋರು. 'ಮಿಸ್ ಪ್ರೂಯಿಟ್, ನಿನ್ನೆ ನನ್ನ ಹೆಂಡತಿ ಏನು ತೊಟ್ಟಿದ್ಲು? ಹೇಗೆ ಕಾಣ್ತಿದ್ಲು?' ನಾನು ಮೇಳದಲ್ಲಿ ಎತ್ತರಕ್ಕೆ ನಿಂತಿರ್ತಿದ್ನಲ್ಲ, ಅಲ್ಲಿಂದ ನೀವು ನನಗೆ ಚೆನ್ನಾಗಿ ಕಾಣ್ತಿದ್ರಿ. ಉಡುಪು ಯಾವುದು, ಹ್ಯಾಟು ಯಾವುದು, ಕೂದಲು ಹೇಗಿತ್ತು, ನಕ್ಕಿದ್ರೋ ಇಲ್ವೋ, ಎಲ್ಲಾ ಹೇಳ್ಬೇಕಿತ್ತು. ಅದು ಮುಗಿದ ಮೇಲೇ ಕೆಲಸ ಶುರು."

ಮಾರೀನ್ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡರು. "ಸೋಮವಾರ ಸಂಜೆ ಹೊಗಳ್ತಿದ್ದ. ನಿನ್ನೆ ಆ ಬಟ್ಟೆ ನಿನಗೆ ಒಪ್ಪಿತ್ತು ಅಂತ. ಎಲ್ಲರ ಗಂಡಂದಿರು ಭಾನುವಾರ ಹೇಳ್ತಾರೆ, ನನ್ನ ಗಂಡ ಒಂದು ದಿನ ತಡ. ಕಳ್ಳತನ ಮುಚ್ಚೋಕೆ ಹೇಳ್ತಾನೆ ಅಂದ್ಕೊಂಡೆ." ತಟ್ಟನೆ ಏನೋ ಹೊಳೆದು ತಲೆ ಎತ್ತಿದರು. "ಒಂದು ಈಸ್ಟರಿಗೆ ಏನು ಹೇಳ್ದೆ? ಕೊನೇ ಈಸ್ಟರು?"

"ಹಳದಿ ಉಡುಪು ಅಂತ ಹೇಳ್ದೆ. ಎಷ್ಟು ಚೆನ್ನಾಗಿತ್ತು ಅದು."

"ಅದು ಕೆನೆ ಬಣ್ಣ."

"ಹಳದಿ ಅಲ್ವಾ?"

"ಕೆನೆ ಬಣ್ಣ ಕಣೇ! ನನ್ನ ಹತ್ರ ಹಳದಿ ಬಟ್ಟೆ ಒಂದೂ ಇರಲಿಲ್ಲ. ಚರ್ಚಿನ ಬಣ್ಣದ ಗಾಜಿನ ಕಿಟಕಿ ಬೆಳಕಲ್ಲಿ ನಿನಗೆ ಹಳದಿ ಕಂಡಿದೆ." ಮಾರೀನ್ ಮೊಣಕೈ ಊರಿ ಎದ್ದು ಕೂತರು. "ಅವನು ಊಟಕ್ಕೆ ಕೂತು, ಕಿವಿ ಪಕ್ಕ ನೋಡ್ಕೊಂಡು, 'ಹಳದಿಯಲ್ಲಿ ನೀನು ಮದುವೆ ದಿನದ ಹಾಗೆ ಕಾಣ್ತಿದ್ದೆ' ಅಂದ. ಆ ಈಸ್ಟರಿಗೆ ಹಳದಿ ಹಾಕಿದ್ದವಳು ನೀನು. ಅವತ್ತೇ ನನಗೆ ಖಾತ್ರಿ ಆಯ್ತು. ಎದ್ದುಹೋಗಿ ಬೇರೆ ಕೋಣೇಲಿ ಮಲಗಿದವಳು ಮತ್ತೆ ಅವನ ಹತ್ರ ಹೋಗಲಿಲ್ಲ."

ಬೇರೆಯವರ ಮಾತಿನಲ್ಲಿ ಒಂದಕ್ಷರ ತಪ್ಪದ ವೀಡಾ, ತನ್ನ ಸ್ವಂತ ಕಣ್ಣಿನಿಂದ ಕಂಡದ್ದನ್ನು ತಪ್ಪಾಗಿ ಹೇಳಿದ್ದಳು. "ನನ್ನಿಂದ," ಎಂದಳು. "ಅಯ್ಯೋ ದೇವರೇ, ನನ್ನಿಂದ. ಮಾರೀನ್, ನನ್ನನ್ನ ಕ್ಷಮಿಸಿ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಾರೀನ್ ಅವಳನ್ನೇ ನೋಡಿದರು. ಮೊದಲು ಭುಜ ಅಲುಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ವೀಡಾಳಿಗೆ ತಿಳಿಯಲಿಲ್ಲ, ಎರಡೂ ಇತ್ತು. ಗಂಡ ಸತ್ತಾಗ ಅಳದವರು ಈಗ ಬಿಕ್ಕಿ ಬಿಕ್ಕಿ ಅತ್ತರು. ಬಾಗಿಲಲ್ಲಿ ಇಣುಕಿದ ಹುಡುಗಿಯನ್ನು ಕೈಬೀಸಿ ಆಚೆ ಕಳಿಸಿದರು.

"ಮದುವೆ ದಿನದ ಹಾಗೆ ಅಂದಿದ್ದ," ಎಂದರು ಮುಖ ಒರೆಸಿಕೊಳ್ಳುತ್ತಾ. "ನನಗೇ ಅಂದಿದ್ದು ಅದು. ನನಗೇ."

"ನಿಮಗೇ."

"ಕ್ಷಮೆ ಗಿಮೆ ಆಮೇಲೆ ನೋಡೋಣ. ಕುರ್ಚಿ ಹತ್ರ ಎಳ್ಕೋ. ಇನ್ನೂ ಎಷ್ಟು ಸೋಮವಾರ ಇದಾವೋ, ಒಂದೂ ಬಿಡದೆ ಹೇಳು. ಅವನೇನು ಕೇಳ್ದ, ನೀನೇನು ಹೇಳ್ದೆ. ಬಣ್ಣ ತಪ್ಪಿದ್ರೆ ನಾನು ಹೇಳ್ತೀನಿ."

ವೀಡಾ ಕುರ್ಚಿಯನ್ನು ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು. ಮೊದಲನೆಯ ಸೋಮವಾರ ಯಾವುದೆಂದು ನೆನಪು ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಹೇಳತೊಡಗಿದಳು.